ಮರಳಿ ಕಡಲಿಗಿಳಿಯುವವರ ವಿಷಯವಾಗಿ

ಬೆಂಗಳೂರಿನ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರ ಯಜಮಾನರು ತರುಣರಾಗಿದ್ದಾಗ ಮಸ್ಕತ್ತಿನಲ್ಲಿ ಉದ್ಯೋಗದಲ್ಲಿದ್ದರಂತೆ. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಸ್ಕೂಬಾ ಡೈವಿಂಗ್ ಎಂಬ ವಿದ್ಯೆಯನ್ನು ಅಲ್ಲಿ 1986ರಲ್ಲಿ ಕ್ರಮವಾಗಿ ಕಲಿತು, ಪ್ರಮಾಣಪತ್ರವನ್ನು ಪಡೆದು, ಮೂರು ನಾಲ್ಕು ವರ್ಷಗಳ ಕಾಲ ರಜಾದಿನಗಳಲ್ಲೆಲ್ಲ ಅದರಲ್ಲಿಯೇ ನಿರತರಾಗಿದ್ದರಂತೆ. ತರುವಾಯ ಸ್ವದೇಶಕ್ಕೆ ಬಂದರು. ಮದುವೆಯಾಯಿತು, ಮಕ್ಕಳಾದರು, ಮನೆಯ ಸಾಲವಾಯಿತು, ಕಡಲು ದೂರವಾಯಿತು. ಈಗ ಅವರಿಗೆ ಅರುವತ್ತಮೂರು ವರ್ಷ. ಬರುವ ಡಿಸೆಂಬರಿನಲ್ಲಿ ಮಗನು ತಂದೆಯನ್ನು ಮುರುಡೇಶ್ವರಕ್ಕೆ ಕರೆದುಕೊಂಡು ಹೋಗಿ, ನೇತ್ರಾಣಿ ದ್ವೀಪದ ಬಳಿ ಇಬ್ಬರೂ ಕೂಡಿ ನೀರಿಗಿಳಿಯಬೇಕೆಂದು ಏರ್ಪಾಡು ಮಾಡಿರುವನು. ಯಜಮಾನರಿಗೆ ರಕ್ತದ ಒತ್ತಡವುಂಟು. ದಿನವೂ ಮಾತ್ರೆ ನುಂಗುವರು. ಹೆಂಡತಿ ಆತಂಕಪಟ್ಟರೆ, “ಈಜು ಕಲಿತವನಿಗೆ ಮರೆವುಂಟೇನೇ?” ಎಂದು ನಕ್ಕುಬಿಡುವರು. “ಬೇಡವೆಂದರೆ ಅವರ ಮುಖ ಬಾಡುತ್ತದೆ, ಆಗಲೆಂದರೆ ನನಗೆ ನಿದ್ರೆ ಬಾರದು. ಏನು ಹೇಳಲಿ?” ಎಂಬುದು ಪತ್ರದ ಪ್ರಶ್ನೆ.

ನಾವು ಸಮುದ್ರದೊಳಗೆ ಇಳಿದವರಲ್ಲ. ನಮ್ಮ ಜಲಕ್ರೀಡೆಯೆಲ್ಲ ಬಾಲ್ಯದಲ್ಲಿ ಊರ ಕೆರೆಯ ಏರಿಯಿಂದ ಧುಮುಕುವುದರಲ್ಲಿಯೇ ಮುಗಿಯಿತು. ಆದರೆ ಒಮ್ಮೆ ಕಲಿತು ಕೈಬಿಟ್ಟ ವಿದ್ಯೆಯು ಬಹುಕಾಲದ ಮೇಲೆ ಯಾವ ಸ್ಥಿತಿಯಲ್ಲಿರುತ್ತದೆ ಎಂಬ ಪ್ರಶ್ನೆ ಉಪಾಧ್ಯಾಯವೃತ್ತಿಯವರಿಗೂ ಸೇರಿದ್ದು. ಆದಕಾರಣ ಈ ವಿಷಯದ ಗ್ರಂಥಗಳನ್ನು ಓದಿ, ಬಲ್ಲವರನ್ನು ಕೇಳಿ, ತಿಳಿದುದನ್ನು ಇಲ್ಲಿ ಬರೆಯುತ್ತಿರುವೆವು.

ಈಜು ಮರೆಯುವುದಿಲ್ಲವೆಂಬ ಮಾತು ಸುಳ್ಳಲ್ಲ. ಕೈಕಾಲುಗಳಿಗೆ ಹತ್ತಿದ ಅಭ್ಯಾಸವು ಸುಲಭವಾಗಿ ಬಿಟ್ಟುಹೋಗದು. ಆದರೆ ಮರೆತುಹೋದ ವಿದ್ಯೆಗಿಂತ ಅರ್ಧ ನೆನಪಿರುವ ವಿದ್ಯೆ ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ. ನಮ್ಮ ಹಳೆಯ ಶಿಷ್ಯರಲ್ಲಿ ಕೆಲವರು ನಲವತ್ತು ವರ್ಷಗಳ ಮೇಲೆ ಸಿಕ್ಕಿದಾಗ ಸಂತೋಷದಿಂದ ರಾಮಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ತಡೆಯಿಲ್ಲದೆ ಹೇಳುವರು. ‘ಹರಿಶಬ್ದದ ತೃತೀಯೆ ಏನಪ್ಪ?’ ಎಂದು ಕೇಳಿದೊಡನೆ, ರಾಮೇಣ ಎಂದುದರ ಜಾಡಿನಲ್ಲಿಯೇ ‘ಹರೇಣ’ ಎಂದುಬಿಡುವರು. ‘ಹರಿಣಾ’ ಎಂಬುದನ್ನು ಮರೆತದ್ದು ದೊಡ್ಡ ಮಾತಲ್ಲ. ತಪ್ಪು ರೂಪವನ್ನು ಅಷ್ಟು ಧೈರ್ಯದಿಂದ ಹೇಳುವುದೇ ಸೋಜಿಗ. ಪತಂಜಲಿಗಳು ಚಿತ್ತವೃತ್ತಿಗಳನ್ನು ಎಣಿಸುವಾಗ ಸ್ಮೃತಿಯನ್ನೂ ವಿಪರ್ಯಯವನ್ನೂ, ಎಂದರೆ ಒಂದನ್ನು ಮತ್ತೊಂದಾಗಿ ತಿಳಿಯುವುದನ್ನೂ, ಬೇರೆಬೇರೆಯಾಗಿ ಹೇಳಿರುವರು. ಬಹುಕಾಲ ಬಿಟ್ಟ ವಿದ್ಯೆಯಲ್ಲಿ ಇವೆರಡೂ ಒಂದೇ ವೇಷದಲ್ಲಿ ಬರುತ್ತವೆ. ಪಾಠಶಾಲೆಯಲ್ಲಿ ‘ಹರೇಣ’ ಎಂದರೆ ನಗೆ. ಅರುವತ್ತು ಅಡಿ ನೀರಿನ ಕೆಳಗೆ ಹಾಗಲ್ಲ.

ಸಂಸ್ಕೃತದಲ್ಲಿ ಮುಳುಗುವುದಕ್ಕೆ ಮಸ್ಜ್ ಎಂಬ ಧಾತು. ‘ನಿ’ ಉಪಸರ್ಗ ಸೇರಿದರೆ ನಿಮಜ್ಜನ, ಕೆಳಕ್ಕೆ ಹೋಗುವುದು. ‘ಉತ್’ ಸೇರಿದರೆ ಉನ್ಮಜ್ಜನ, ಮೇಲಕ್ಕೆ ಏಳುವುದು. ನೋಡುವವರಿಗೆ ನಿಮಜ್ಜನವೇ ಭಯಂಕರವಾಗಿ ಕಾಣುವುದು. ಆದರೆ ಈ ವಿದ್ಯೆಯ ಭಯಸ್ಥಾನಗಳಲ್ಲಿ ಬಹುಭಾಗ ಉನ್ಮಜ್ಜನದಲ್ಲಿದೆ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಯಂತ್ರದ ರೀತಿಯನ್ನು ಸ್ವಲ್ಪ ತಿಳಿಯಬೇಕು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿಯಾದ ಕುಸ್ತೋ ಎಂಬವರೂ ಗಾನ್ಯಾಂ ಎಂಬ ಎಂಜಿನಿಯರರೂ ಕೂಡಿ ಇದನ್ನು ನಿರ್ಮಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಗ್ಯಾಸಿನಿಂದ ಕಾರುಗಳನ್ನು ಓಡಿಸಲು ಗಾನ್ಯಾಂ ಮಾಡಿದ್ದ ಕವಾಟವೊಂದನ್ನೇ ಮಾರ್ಪಡಿಸಿ, ಮನುಷ್ಯನು ಉಸಿರೆಳೆದಾಗ ಮಾತ್ರ, ಅದೂ ಅವನಿರುವ ಆಳದ ಒತ್ತಡಕ್ಕೆ ಸಮನಾಗಿ, ಗಾಳಿಯನ್ನು ಕೊಡುವಂತೆ ಮಾಡಿದರು. ಸಮುದ್ರದಲ್ಲಿ 10 ಮೀಟರು ಇಳಿದರೆ ಒತ್ತಡವು ಮೇಲಿನದರ ಎರಡರಷ್ಟು, 20 ಮೀಟರು ಇಳಿದರೆ ಮೂರರಷ್ಟು. 1662ರಲ್ಲಿ ಬಾಯ್ಲ್ ಪ್ರಕಟಿಸಿದ ನಿಯಮದಂತೆ, 10 ಮೀಟರಿನಲ್ಲಿ ಎದೆ ತುಂಬಿಕೊಂಡ ಗಾಳಿಯು ಮೇಲಕ್ಕೆ ಬಂದಾಗ ಎರಡರಷ್ಟು ಹಿಗ್ಗಬೇಕು.

ಇಲ್ಲಿಯೇ ನಮ್ಮ ಮನೆಗಳಲ್ಲಿ ಪ್ರಾಣಾಯಾಮ ಮಾಡುವವರು ಗಮನಿಸಬೇಕಾದ ಸಂಗತಿಯೊಂದುಂಟು. ಪೂರಕ, ಕುಂಭಕ, ರೇಚಕಗಳಲ್ಲಿ ಕುಂಭಕವೇ ಶ್ರೇಷ್ಠವೆಂದು ಅಭ್ಯಾಸಿಗಳ ಭಾವನೆ. ಸ್ಕೂಬಾದಲ್ಲಿ ಕುಂಭಕವು ಸರ್ವಥಾ ಕೂಡದು. ತೂತ್ತುಕುಡಿಯ ಕಡೆಯ ಮುತ್ತಿನ ಮುಳುಗುಗಾರರು ಉಸಿರು ಕಟ್ಟಿಯೇ ಇಳಿದು ಉಸಿರು ಕಟ್ಟಿಯೇ ಏಳುತ್ತಿದ್ದರಲ್ಲ ಎಂದು ಕೇಳಬಹುದು. ಅವರ ಎದೆಯಲ್ಲಿದ್ದುದು ಮೇಲಿನಿಂದ ಕೊಂಡುಹೋದ ಗಾಳಿ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತಿತ್ತು. ಸ್ಕೂಬಾದವರು ಕೆಳಗಿನ ಒತ್ತಡದ ಗಾಳಿಯನ್ನು ಕೆಳಗೇ ಸೇದಿದವರು. ಅವರು ಗಾಬರಿಯಲ್ಲಿ ಬಾಯಿ ಬಿಗಿದು ಮೇಲಕ್ಕೆ ಹಾರಿದರೆ ಹಿಗ್ಗುವ ಗಾಳಿಗೆ ದಾರಿಯಿಲ್ಲದೆ ಶ್ವಾಸಕೋಶವೇ ಹರಿಯುವುದು. ಇದಕ್ಕೆ ಮಹಾ ಆಳವೂ ಬೇಡ. ನಾಲ್ಕಡಿ ನೀರು ಸಾಕೆಂದು ವೈದ್ಯರು ಹೇಳುವರು. ಬಹಳ ವರ್ಷ ಬಿಟ್ಟವರಿಗೆ ಮಾಸ್ಕಿನೊಳಗೆ ನೀರು ನುಗ್ಗಿ ಮೂಗಿಗೆ ಹತ್ತಿದಾಗ ದೇಹವು ತಾನಾಗಿಯೇ ಉಸಿರು ಕಟ್ಟುತ್ತದೆ, ಕಾಲು ತಾನಾಗಿಯೇ ಮೇಲಕ್ಕೆ ಒದೆಯುತ್ತದೆ. ನಿಯಮವು ಬುದ್ಧಿಗೆ ನೆನಪಿರಬಹುದು. ಆ ಕ್ಷಣದಲ್ಲಿ ಅದು ದೇಹಕ್ಕೆ ನೆನಪಿರಬೇಕು.

ಎರಡನೆಯದು ಸಾರಜನಕದ ವಿಚಾರ. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗುತ್ತದೆ. ಗೋಲಿಸೋಡಾ ಕುಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಗೋಲಿಯನ್ನು ಒತ್ತಿದೊಡನೆ ಬುರುಗು ಏಳುವಂತೆ, ಮುಳುಗಿದವನು ಅವಸರದಿಂದ ಮೇಲೆ ಬಂದರೆ ಕರಗಿದ ಅನಿಲವು ಗುಳ್ಳೆಗಳಾಗಿ ಕೀಲುಗಳಲ್ಲಿ ನೋವನ್ನೂ, ನರಗಳಲ್ಲಿ ಸೇರಿದರೆ ಪಾರ್ಶ್ವವಾಯುವನ್ನೂ ತರುವುದು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಏಳಬೇಕೆಂಬ ಕೋಷ್ಟಕಗಳನ್ನು 1908ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಅವರ ಮಗ ಜೆ. ಬಿ. ಎಸ್. ಹಾಲ್ಡೇನರೂ ತಮ್ಮ ದೇಹವನ್ನೇ ಇಂಥ ಪ್ರಯೋಗಗಳಿಗೆ ಒಡ್ಡಿದವರು. ಒತ್ತಡದಿಂದ ತೂತಾದ ತಮ್ಮ ಕಿವಿಯಿಂದ ಹೊಗೆ ಬಿಡಬಲ್ಲೆನೆಂದು ವಿನೋದವಾಗಿ ಹೇಳಿಕೊಂಡವರು. ಇವರು 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಈಗ ಪ್ರಕೃತಕ್ಕೆ ಬರೋಣ. ಸೋದರಿಯ ಯಜಮಾನರು ಕಲಿತ ಕಾಲದಲ್ಲಿ ನಿಮಿಷಕ್ಕೆ 60 ಅಡಿ, ಎಂದರೆ 18 ಮೀಟರು, ಮೇಲೇರಬಹುದೆಂಬುದು ಸಾಮಾನ್ಯ ಪಾಠವಾಗಿತ್ತು. ಈಗ ಬಹುತೇಕ ಗುರುಗಳು ಅದರ ಅರ್ಧವನ್ನು, ನಿಮಿಷಕ್ಕೆ 9 ಮೀಟರಿನ ಆಸುಪಾಸನ್ನು, ಹೇಳುವರು. ಅದಲ್ಲದೆ 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಬರಬೇಕೆನ್ನುವರು. 18 ಮೀಟರಿನಿಂದ ಆಗ ಒಂದು ನಿಮಿಷದಲ್ಲಿ ಬರುತ್ತಿದ್ದವರು ಈಗ ಐದು ನಿಮಿಷ ತೆಗೆದುಕೊಳ್ಳಬೇಕು. ಅಂದಿನ ಗುರುವು ತಪ್ಪಾಗಿ ಕಲಿಸಿದನೆಂದಲ್ಲ, ಶಾಸ್ತ್ರವು ಮುಂದುವರಿದಿದೆ. ಆದರೆ ಕಾಲುಗಳಿಗೆ ನೆನಪಿರುವುದು ಅಂದಿನ ವೇಗ. ಲೆಕ್ಕವನ್ನು ಆಗ ಕೋಷ್ಟಕ ನೋಡಿ ಹಾಕುತ್ತಿದ್ದರು. ಈಗ ಮಣಿಕಟ್ಟಿನ ಪುಟ್ಟ ಕಂಪ್ಯೂಟರು ಕ್ಷಣಕ್ಷಣಕ್ಕೂ ಹಾಕಿ, ಅವಸರ ಮಾಡಿದವರನ್ನು ಕೂಗಿ ಎಚ್ಚರಿಸುತ್ತದೆ.

ಸಲಕರಣೆಗಳಲ್ಲಿಯೂ ಹೀಗೆಯೇ. ಜೊತೆಗಾರನ ಗಾಳಿ ಮುಗಿದರೆ ಒಂದೇ ಬಾಯಿತುದಿಯನ್ನು ಇಬ್ಬರೂ ಸರದಿಯಂತೆ ಕಚ್ಚಿ ಉಸಿರಾಡುವುದು ಅಂದಿನ ಪಾಠಗಳಲ್ಲಿ ಮುಖ್ಯವಾಗಿತ್ತು. ಈಗ ಪ್ರತಿಯೊಬ್ಬನ ರೆಗ್ಯುಲೇಟರಿಗೂ ಹೆಚ್ಚಿನದೊಂದು ಬಾಯಿತುದಿ, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಇದ್ದೇ ಇರುತ್ತದೆ. ಆಪತ್ತಿನಲ್ಲಿ ಅರುವತ್ತಮೂರರ ಹಿರಿಯರು ಹಳೆಯ ನೆನಪಿನಂತೆ ಮಗನ ಬಾಯಿಂದಲೇ ಕಿತ್ತುಕೊಳ್ಳಹೋದರೆ, ಮಗನು ಆ ಕ್ರಮವನ್ನೇ ಕಲಿಯದವನು! ‘ಹರೇಣ’ ಎಂದರೆ ಇದೇ.

ದೇಹವೂ ಹಳೆಯ ದೇಹವಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರೂ ಸಾಕು, ಕೈಕಾಲುಗಳ ರಕ್ತದಲ್ಲಿ ಸುಮಾರು 700 ಮಿಲಿಲೀಟರಿನಷ್ಟು ಎದೆಯ ಕಡೆಗೆ ಸರಿಯುತ್ತದೆ. ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ತರುಣರಿಗೆ ಇದು ಗೊತ್ತೇ ಆಗದು. ರಕ್ತದೊತ್ತಡವಿರುವ ಹಿರಿಯರಲ್ಲಿ ಅಪರೂಪವಾಗಿ ಶ್ವಾಸಕೋಶದೊಳಗೆ ನೀರು ಒಸರಿ ಏದುಸಿರು ಬರುವುದೂ ಉಂಟು. ಒತ್ತಡದ ಕೆಲವು ಮಾತ್ರೆಗಳು ಶ್ರಮದ ಕಾಲದಲ್ಲಿ ಹೃದಯವು ವೇಗ ಹೆಚ್ಚಿಸದಂತೆ ತಡೆಯುವುವು. ಮುಳುಗುವವರ ಮರಣಗಳಲ್ಲಿ ಹೃದಯದ ಕಾರಣವೇ ಗಣನೀಯ ಭಾಗವೆಂದು ಈ ವಿಷಯದ ವೈದ್ಯರು ಹೇಳುತ್ತ ಬಂದಿರುವರು. ಆದ್ದರಿಂದಲೇ ನೀರಿಗಿಳಿಯುವ ಮೊದಲು ತುಂಬಿಸುವ ಆರೋಗ್ಯದ ಪ್ರಶ್ನಪತ್ರದಲ್ಲಿ ನಲವತ್ತೈದು ದಾಟಿದೆಯೇ ಎಂದು ಕೇಳಿ, ದಾಟಿದವರಿಗೆ ಒತ್ತಡ, ಕೊಲೆಸ್ಟ್ರಾಲು, ಧೂಮಪಾನಗಳ ಪ್ರಶ್ನೆಗಳನ್ನು ಮುಂದೊಡ್ಡುವರು. ಗಂಡಸರು ಈ ಪತ್ರವನ್ನು ದೋಣಿಕಟ್ಟೆಯಲ್ಲಿ ನಿಂತು, ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿಬಿಡುವುದುಂಟು. ಸೋದರಿಗೆ ನಮ್ಮ ಮೊದಲನೆಯ ಸಲಹೆಯೆಂದರೆ, ಆ ಪತ್ರವನ್ನು ಮುಂಚಿತವಾಗಿಯೇ ತರಿಸಿ, ಮನೆಯಲ್ಲಿ ಯಜಮಾನರ ಪಕ್ಕದಲ್ಲಿ ಕುಳಿತು ತುಂಬಿಸುವುದು. ‘ಹೌದು’ ಎಂಬ ಉತ್ತರ ಬಂದಲ್ಲಿ ವೈದ್ಯರ ಬಳಿಗೆ ಹೋಗಿ ಹೃದಯವನ್ನು ಶ್ರಮದಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು. ವೈದ್ಯರು ಬೇಡವೆಂದರೆ ಅದು ಹೆಂಡತಿಯ ಮಾತಾಗುವುದಿಲ್ಲ. ಮುಖ ಬಾಡಿದರೂ ಮನಸ್ಸು ಕಹಿಯಾಗದು. ಆಗಬಹುದೆಂದರೆ ಸೋದರಿಗೂ ನಿದ್ರೆ ಬರುವುದು.

ಸಣ್ಣ ವಿಷಯಗಳೂ ಇವೆ. ಇಪ್ಪತ್ತನಾಲ್ಕರಲ್ಲಿ ಕಟ್ಟಿಕೊಂಡಿದ್ದ ಸೀಸದ ತೂಕವೇ ಈಗಲೂ ಸರಿಯೆಂದು ತಿಳಿಯಕೂಡದು. ಹೊಟ್ಟೆಯ ಕೊಬ್ಬು ತೇಲುವ ಪದಾರ್ಥ. ಶೀತವಾಗಿದ್ದರೆ ಅಂದು ಮುಳುಗಬಾರದು. ಮೂಗು ಹಿಡಿದು ಕಿವಿಗೆ ಗಾಳಿ ಊದುವ ವಾಲ್ಸಾಲ್ವನ ಉಪಾಯವು 1704ರಿಂದ ಪ್ರಸಿದ್ಧವಾದುದಾದರೂ, ಕಟ್ಟಿದ ಕಿವಿಯ ಮುಂದೆ ಅದೂ ಸೋಲುವುದು. ಇನ್ನು ಚಾಳೀಸು! ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಗೇಜಿನ ಅಂಕಿಗಳು ಕಣ್ಣಿಗೆ ಮಸುಕಾದರೆ ಆ ಗೇಜಿದ್ದು ಫಲವೇನು? ಕನ್ನಡಕದ ಗಾಜನ್ನೇ ಕೂಡಿಸಿದ ಮಾಸ್ಕುಗಳು ಸಿಗುತ್ತವೆ. ಸಾಧಾರಣವಾದ ಸಿಲಿಂಡರಿನಲ್ಲಿ ಸುಮಾರು 2,200 ಲೀಟರು ಗಾಳಿ ಹಿಡಿಯುವುದು. ಶಾಂತವಾಗಿ ಉಸಿರಾಡುವವನು ನೆಲದ ಮೇಲೆ ನಿಮಿಷಕ್ಕೆ 20 ಲೀಟರು ಬಳಸಿದರೆ 10 ಮೀಟರಿನಲ್ಲಿ 40 ಲೀಟರು ಬೇಕು, 20 ಮೀಟರಿನಲ್ಲಿ 60; ಅಲ್ಲಿಗೆ ಮೊದಲನೆಯ ಆಳದಲ್ಲಿ ಐವತ್ತೈದು ನಿಮಿಷ, ಎರಡನೆಯದರಲ್ಲಿ ಮೂವತ್ತಾರು. ಕೊನೆಯ ಕಾಲುಭಾಗವನ್ನು ಮೀಸಲಿಡಬೇಕಾದ್ದರಿಂದ ಅಷ್ಟೂ ದಕ್ಕುವುದಿಲ್ಲ. ಅಭ್ಯಾಸ ತಪ್ಪಿದವರ ಉಸಿರಂತೂ ಇನ್ನೂ ಬೇಗ ಓಡುವುದು.

ವಯಸ್ಸೇ ಅಡ್ಡಿಯೆಂದು ನಾವು ಹೇಳುತ್ತಿಲ್ಲ. ರೇ ವುಲಿ ಎಂಬ ಆಂಗ್ಲೇಯರು 2019ರ ಆಗಸ್ಟ್ 31ರಂದು, ತಮ್ಮ ತೊಂಬತ್ತಾರು ತುಂಬಿದ ಮೂರನೆಯ ದಿನ, ಸೈಪ್ರಸ್ಸಿನ ಕಡಲಲ್ಲಿ ಮುಳುಗಿರುವ ಜೆನೋಬಿಯಾ ಎಂಬ ಹಡಗಿನ ಬಳಿ 42.4 ಮೀಟರು ಇಳಿದು 48 ನಿಮಿಷ ಇದ್ದು ಬಂದರು. ಆದರೆ ಅವರು 1960ರಲ್ಲಿ ಕಲಿತ ವಿದ್ಯೆಯನ್ನು ಮುಪ್ಪಿನವರೆಗೂ ಹಿಡಿದುಕೊಂಡು ಬಂದವರು. ಅವರ ದೃಷ್ಟಾಂತವನ್ನು ನಡುವೆ ಮೂವತ್ತೈದು ವರ್ಷ ಬಿಟ್ಟವರು ತಮ್ಮ ಪಕ್ಷಕ್ಕೆ ಎಳೆದುಕೊಳ್ಳಲಾಗದು.

ಹಾಗಾದರೆ ದಾರಿಯೇನು? ಪ್ರಮಾಣಪತ್ರಕ್ಕೆ ಕಾಲಮಿತಿಯಿಲ್ಲ, 1986ರ ಕಾಗದ ಈಗಲೂ ಸಿಂಧುವೇ. ಆದರೆ ಕಾಗದವು ಮುಳುಗುವುದಿಲ್ಲ, ಮನುಷ್ಯನು ಮುಳುಗುತ್ತಾನೆ. ಬಿಟ್ಟವರಿಗಾಗಿಯೇ ಪುನರಭ್ಯಾಸದ ಪಾಠವನ್ನು ಎಲ್ಲ ದೊಡ್ಡ ಸಂಸ್ಥೆಗಳೂ ಇಟ್ಟಿವೆ. ಮೊದಲು ಓದು, ಆಮೇಲೆ ಈಜುಕೊಳ. ಅಲ್ಲಿ ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಹುಡುಕಿ ಹಿಡಿಯುವುದು, ಜೊತೆಗಾರನ ಹಳದಿ ತುದಿಯನ್ನು ತೆಗೆದುಕೊಳ್ಳುವುದು, ಏರದೆ ಇಳಿಯದೆ ನೀರಿನ ನಡುವೆ ನಿಲ್ಲುವುದು, ಇವೆಲ್ಲವನ್ನೂ ಯೋಚನೆಯಿಲ್ಲದೆ ಬರುವವರೆಗೆ ಮಾಡಬೇಕು. ತರುವಾಯ ಕಡಲಿನಲ್ಲಿ ಮೊದಲ ದಿನ 12 ಮೀಟರಿಗೆ ಮೀರದಂತೆ, ಗುರುವಿನೊಡನೆ. ಇಲ್ಲಿ ಯಜಮಾನರ ಅಭಿಮಾನವು ಅಡ್ಡ ಬರಬಹುದು. ಕಲಿಸುವವನು ಮಗನ ವಯಸ್ಸಿನವನು. ಸುತ್ತಲಿನವರು ನಿನ್ನೆ ಮೊನ್ನೆ ಶುರುಮಾಡಿದವರು. ಆದರೂ ಕೇಳಬೇಕು. ಹಿರಿಯರು ತೋರಿಸಿದ ಹಳೆಯ ಕಾಗದವನ್ನು ಕಂಡು ಕೈಮುಗಿದು, ಏನನ್ನೂ ಪರೀಕ್ಷಿಸದೆ ನೇರವಾಗಿ ಆಳಕ್ಕೆ ಕರೆದೊಯ್ಯುವವನ ದೋಣಿಯನ್ನು ಮಾತ್ರ ಹತ್ತಬಾರದು.

ನೇತ್ರಾಣಿಯಲ್ಲಿ ಹೊಸಬರನ್ನು ಗುರುವೇ ಹಿಡಿದುಕೊಂಡು ಒಳಗೆ ಸುತ್ತಾಡಿಸಿ ತರುವ ಕ್ರಮವೂ ಉಂಟು. ಅಲ್ಲಿಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ವೈದ್ಯರು ಒಪ್ಪಿದ ಹಿರಿಯರು ಒಂದು ಬಾರಿ ಕಡಲೊಳಗಣ ಮೀನುಗಳನ್ನು ಕಣ್ಣಾರೆ ನೋಡಿಬಂದರೆ ಸಾಕೆನ್ನುವುದಾದರೆ ಅದರಲ್ಲಿ ಮಾನಭಂಗವೇನೂ ಇಲ್ಲ. ಅದನ್ನು ಪುನರಭ್ಯಾಸವೆಂದು ಎಣಿಸಬಾರದು, ಅಷ್ಟೆ. ಅಲ್ಲಿ ಎಲ್ಲವನ್ನೂ ನಡೆಸುವವನು ಗುರು.

ಮತ್ತೊಂದು ಮಾತನ್ನು ಯಜಮಾನರಿಗೇ ಹೇಳಬೇಕಾಗಿದೆ. ಅವರು ಅಂದು ಕಂಡ ಕಡಲು ಈಗ ಇಲ್ಲ. ಮಸ್ಕತ್ತಿನ ಹವಳದ ದಿಬ್ಬಗಳಿಗೆ 2007ರ ಗೋನು ಚಂಡಮಾರುತದಿಂದ ಹಾನಿಯಾಯಿತು. ನಮ್ಮ ಲಕ್ಷದ್ವೀಪದಲ್ಲಿ 1998ರಲ್ಲಿ ನೀರು ಬಿಸಿಯೇರಿ ಹವಳಗಳು ಬಿಳಿಚಿಕೊಂಡು ಬಹುವಾಗಿ ಸತ್ತವು. 2010, 2016ರಲ್ಲಿ ಅದೇ ಗತಿ ಮರುಕಳಿಸಿತು. ಮರಳಿ ಇಳಿದ ಹಿರಿಯರಿಗೆ ಎಲ್ಲಕ್ಕಿಂತ ದುಃಖವಾಗುವುದು ಇದರಿಂದಲೇ ಎಂದು ಬಲ್ಲವರೊಬ್ಬರು ನಮಗೆ ಹೇಳಿದರು. ಪಕ್ಕದಲ್ಲಿ ಹೊಸದಾಗಿ ಕಲಿತ ಮಗನಿಗೆ ಎಲ್ಲವೂ ಅದ್ಭುತ. ಹಿಂದೆ ಏನಿತ್ತೆಂದು ತಂದೆಗೆ ಗೊತ್ತು. ನೀರಿನೊಳಗೆ ಹೇಳಿಕೊಳ್ಳುವಂತೆಯೂ ಇಲ್ಲ.

ಇನ್ನು ಪ್ರಯಾಣದ ವಿಷಯ. ಇದನ್ನು ಬೆಂಗಳೂರಿನವರು ಅಷ್ಟಾಗಿ ಯೋಚಿಸುವುದಿಲ್ಲ. ಮುಳುಗಿ ಬಂದ ಮೇಲೆ ಕೂಡಲೇ ವಿಮಾನ ಹತ್ತಬಾರದೆಂದು ಎಲ್ಲರೂ ಬಲ್ಲರು. ಒಂದೇ ಮುಳುಗಾದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕೆಂದು ತಜ್ಞರ ಸೂಚನೆ; ಏಕೆಂದರೆ ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಮೆಯಾಗಿ, ಉಳಿದಿರುವ ಸಾರಜನಕ ಗುಳ್ಳೆಯಾಗುವ ಸಂಭವವುಂಟು. ಆ ಸೂಚನೆಯಲ್ಲಿ ಎತ್ತರದ ಲೆಕ್ಕ 2,000 ಅಡಿಯಿಂದಲೇ ಆರಂಭವಾಗುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ! ಆದಕಾರಣ ಹಗಲು ಎರಡು ಬಾರಿ ಮುಳುಗಿ, ಅದೇ ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತಿ ಬೆಳಗಾಗುವುದರೊಳಗೆ ಮನೆ ಸೇರುವುದು ಹಿರಿಯರಿಗೆ ತಕ್ಕುದಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ಮುಳುಗು ಮುಗಿದರೆ ಮರುದಿನ ಬೆಳಗ್ಗೆ ಏಳಕ್ಕೆ ಹದಿನೆಂಟು ಗಂಟೆ ತುಂಬುವುದು. ಉಪಾಹಾರ ಮುಗಿಸಿಯೇ ಹೊರಡಬಹುದು.

ಆ ಹೊತ್ತಿನಲ್ಲಿ ಕೀಲುನೋವು, ಚರ್ಮದ ಮೇಲೆ ಮಚ್ಚೆ, ಜೋಮು, ತಲೆಸುತ್ತು, ವಿಪರೀತ ಬಳಲಿಕೆ ಏನಾದರೂ ಕಂಡುಬಂದರೆ ಆಯಾಸವೆಂದು ಮಲಗಿಬಿಡದೆ, ಆಮ್ಲಜನಕ ಕೊಡಬಲ್ಲ ಆಸ್ಪತ್ರೆಗೆ ಹೋಗಿ, ಮುಳುಗಿದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಬೇಕು. ತಿಳಿಯದಿದ್ದರೆ ಅವರು ವಾಯುವೆಂದೋ ವಯಸ್ಸೆಂದೋ ಮಾತ್ರೆ ಬರೆದಾರು. ಒತ್ತಡದ ಕೋಣೆಯಿರುವ ಆಸ್ಪತ್ರೆ ಎಲ್ಲಿದೆ, ಅಲ್ಲಿಗೆ ಹೇಗೆ ಕಳುಹಿಸುವರು ಎಂಬುದನ್ನು ದೋಣಿಯವರನ್ನು ಹೊರಡುವ ಮೊದಲೇ ಕೇಳಿಡುವುದು. ಸೋದರಿಯೂ ಜೊತೆಗೆ ಹೋಗುವುದು ಒಳ್ಳಿತು. ದೋಣಿ ಬರುವವರೆಗೆ ದೇವಸ್ಥಾನವುಂಟು, ಸಮುದ್ರತೀರವುಂಟು. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಜನಸಂದಣಿ ಬಹಳ. ಆದ್ದರಿಂದ ಆ ಹೆಚ್ಚಿನ ರಾತ್ರಿಗೂ ಸೇರಿಸಿ ಕೋಣೆಯನ್ನು ಈಗಲೇ ಗೊತ್ತುಮಾಡಿಕೊಳ್ಳತಕ್ಕದ್ದು.